ಎಂಟನೇ ಬುರುಜಿನ ಎಡಮಗ್ಗುಲ ದ್ವಾರ

ಬಹಳ ಹಿಂದೆ, ಭೂಪಟ ಬರೆಯುವವರು ಇನ್ನೂ ಹುಟ್ಟಿರದ ಕಾಲದಲ್ಲಿ, ಚತುರ್ದ್ವಾರಪುರವೆಂಬ ರಾಜ್ಯವೊಂದಿತ್ತು. ಅಲ್ಲಿನ ಕುಂಬಾರಗೇರಿಯ ಚಂದ್ರವ್ವ ಜ್ವರದಿಂದ ತೀರಿಕೊಂಡ ಸುದ್ದಿ ಒಂದು ಮಂಗಳವಾರ ಬೆಳಿಗ್ಗೆ ಅರಮನೆಗೆ ಮುಟ್ಟಿತು. ಅದೇ ಹೊತ್ತಿಗೆ ಅವಳ ಔಷಧಿ ಸಿಕ್ಕಿದ ಸುದ್ದಿಯೂ ಮುಟ್ಟಿತು. ಔಷಧಿ ಕ್ಷೇಮವಾಗಿತ್ತು.

ಇದು ಹೇಗಾಯಿತೆಂದರೆ, ಕೋಟೆಗೆ ನಾಲ್ಕು ಬಾಗಿಲುಗಳಿದ್ದವು, ಒಂದಕ್ಕೂ ಸ್ವಂತ ಹೆಸರಿರಲಿಲ್ಲ. ಬೆಳಗಾದಾಗ ಯಾವ ಕಾವಲುಗಾರ ಮೊದಲು ಎದ್ದು ಅಗುಳಿ ತೆಗೆಯುತ್ತಾನೋ ಅವನದು ಆ ದಿನದ ಮಟ್ಟಿಗೆ ಒಂದನೇ ಬಾಗಿಲು. ಅವನ ನಂತರ ಎದ್ದವನದು ಎರಡನೆಯದು. ನಮ್ಮ ಕಾಲದ ಕಂಪ್ಯೂಟರುಗಳೂ ತಮ್ಮ ನೆಟ್‌ವರ್ಕಿನ ಬಾಗಿಲುಗಳಿಗೆ ಹಿಂದೆ ಹೀಗೆಯೇ, ಎಚ್ಚರಾದ ಕ್ರಮದಲ್ಲಿ, ನಂಬರು ಕೊಡುತ್ತಿದ್ದವೆಂದು ತಿಳಿದವರು ಹೇಳುತ್ತಾರೆ. ಪೂರ್ವಜರ ಕಾಲದಲ್ಲಿ ಕಾವಲುಗಾರರು ದಿನವೂ ಒಂದೇ ಕ್ರಮದಲ್ಲಿ ಏಳುತ್ತಿದ್ದುದರಿಂದ ತೊಂದರೆಯಾಗಿರಲಿಲ್ಲ. ಆ ಅದೃಷ್ಟವನ್ನೇ ಜನ ಆಡಳಿತವೆಂದು ತಿಳಿದಿದ್ದರು.

ಮಹಾರಾಜ ಪ್ರಚಂಡಸೇನರು ಪಟ್ಟಕ್ಕೆ ಬಂದ ಮೇಲೆ, ಕಾರ್ಯಕ್ಷಮತೆ ಹೆಚ್ಚಿಸುವ ಸಲುವಾಗಿ, ಮೊದಲು ಬಾಗಿಲು ತೆರೆದವನಿಗೆ ಶಾಲು ಹೊದಿಸುವುದಾಗಿ ಸಾರಿದರು. ಅಂದಿನಿಂದ ನಾಲ್ವರು ಕಾವಲುಗಾರರಲ್ಲಿ ಪೈಪೋಟಿ ಹತ್ತಿ ಬಾಗಿಲಿನ ನಂಬರು ದಿನಕ್ಕೊಂದಾಯಿತು. ಹೊರಗಿನ ಗಾಡಿಯವರು ಚೀಟಿಯಲ್ಲಿ ಬರೆದ ಬಾಗಿಲಲ್ಲೇ ಸಾಮಾನು ಇಳಿಸಬೇಕು, ಇಲ್ಲವಾದರೆ ಛಡಿಯೇಟು ಎಂಬ ಕಾನೂನು ಮಾತ್ರ ಹಾಗೇ ಉಳಿದಿತ್ತು. ಬೆಟ್ಟದ ಪಂಡಿತರು ಹಳೆಯ ರೂಢಿಯಂತೆ ಚಂದ್ರವ್ವನ ಕಷಾಯದ ಗಡಿಗೆಯ ಮೇಲೆ ‘ಎರಡನೇ ಬಾಗಿಲು’ ಎಂದು ಬರೆದು ಕಳುಹಿಸಿದ್ದರು. ಅಂದು ಕುಂಬಾರಗೇರಿಯ ಬಾಗಿಲು ನಾಲ್ಕನೆಯದಾಗಿತ್ತು.

ಚಂದ್ರವ್ವನ ಗಂಡ ಲಕ್ಕಪ್ಪ ಮಣ್ಣು ಮಾಡಿದ ಮರುದಿನವೇ ಆಸ್ಥಾನಕ್ಕೆ ಬಂದ.

“ನಿನ್ನ ಮನೋಭಿಲಾಷೆಯನ್ನು ಅರುಹು,” ಎಂದರು ಪ್ರಭುಗಳು.

“ಬುದ್ಧೀ, ಹೆಂಡ್ರು ಹೋದ್ಲು. ಅದನ್ನ ಕೇಳಕ್ಕೆ ಬಂದಿಲ್ಲ. ಮಗಳು ತಾಯವ್ವನ್ಗೂ ಅದೇ ಜರ ಹತ್ಕೊಂಡೈತೆ. ಬರೋ ಸೋಮವಾರ ಪಂಡಿತ್ರು ಇನ್ನೊಂದ್ ಗಡಿಗೆ ಕಳಿಸ್ತಾರೆ. ಅಷ್ಟ್ರಾಗೆ ನಮ್ ಬಾಗ್ಲಿಗೆ ಒಂದ್ ಹೆಸ್ರು ಇಟ್ಬುಡಿ. ಪಕ್ಕದಾಗೆ ಬೇವಿನ ಮರ ಐತೆ. ಬೇವಿನ ಬಾಗ್ಲು ಅಂದ್ರೆ ಸಾಕು.”

ಮಹಾಮಂತ್ರಿ ಸೂಕ್ಷ್ಮಮತಿಗಳು ಕುಳಿತಲ್ಲೇ ಬೆಚ್ಚಿದರು. “ಮಹಾಪ್ರಭು, ಇದು ಅಪಾಯಕಾರಿ ಸರಳತೆ. ಮರ ಅರಣ್ಯ ಇಲಾಖೆಗೆ ಸೇರಿದ್ದು, ಬಾಗಿಲು ರಕ್ಷಣಾ ಇಲಾಖೆಗೆ. ನಿರಾಕ್ಷೇಪಣಾ ಪತ್ರ ಬರುವಷ್ಟರಲ್ಲಿ ಮರ ಒಣಗಬಹುದು. ಉನ್ನತ ಮಟ್ಟದ ಸಮಿತಿಯೊಂದನ್ನು ರಚಿಸೋಣ.”

ಸಮಿತಿ ರಚನೆಯಾಯಿತು. ತುರ್ತು ವಿಷಯವಾದ್ದರಿಂದ ಊಟದ ವಿರಾಮವನ್ನು ಎರಡು ಗಂಟೆಗೆ ಇಳಿಸಿ, ಗುರುವಾರವೇ ಪ್ರೆಸೆಂಟೇಶನ್ ಕೊಟ್ಟಿತು. ಕೋಟೆಯ ಬುರುಜುಗಳನ್ನು ಅರಮನೆಯಿಂದ ಬಲಕ್ಕೆ ಎಣಿಸಬೇಕು. ಬಾಗಿಲು ಯಾವ ಬುರುಜಿನ ಯಾವ ಮಗ್ಗುಲಿಗಿದೆಯೋ ಅದೇ ಅದರ ಹೆಸರು. ಯಾರು ಎಷ್ಟು ಹೊತ್ತಿಗೆ ಎದ್ದರೂ ಹೆಸರು ಕದಲದು. ಆನೆಲಾಯದ ಬಳಿಯದು ಮೂರನೇ ಬುರುಜಿನ ಎಡಮಗ್ಗುಲ ದ್ವಾರ, ಕುಂಬಾರಗೇರಿಯದು ಎಂಟನೇ ಬುರುಜಿನ ಎಡಮಗ್ಗುಲ ದ್ವಾರ. ಮಿಕ್ಕೆರಡು ಹದಿಮೂರು ಮತ್ತು ಹದಿನೆಂಟು.

“ಇಷ್ಟುದ್ದ ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿಹೋಗದೇ?” ಎಂದು ಪ್ರಭುಗಳು ಕೇಳಿದರು.

“ಮುಚ್ಚಿದರೂ ಹೆಸರು ಬದಲಾಗದು ಪ್ರಭು. ಅದೇ ಈ ಯೋಜನೆಯ ಹೆಗ್ಗಳಿಕೆ,” ಎಂದರು ಸೂಕ್ಷ್ಮಮತಿಗಳು.

ಅಂದೇ ಫಲಕ ತೂಗಿದವು. ಬೆಟ್ಟದ ಪಂಡಿತರಿಗೆ ಓಲೆ ಹೋಯಿತು. ಲಕ್ಕಪ್ಪ ಆ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು, ಮಗಳ ಹಣೆಯ ಒದ್ದೆ ಬಟ್ಟೆ ಬದಲಾಯಿಸುತ್ತ ಒಪ್ಪಿಸಿದ.

“ಅಪ್ಪಾ, ಅದು ಬೇವಿನ ಬಾಗ್ಲಲ್ವಾ?” ಎಂದಳು ತಾಯವ್ವ.

“ಹೂಂ ಕಣವ್ವ. ದರ್ಬಾರಿನಾಗೆ ಹಂಗಂತಾರೆ.”

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬೇರೆ ರಾಜ್ಯದ ಕಥೆಯಾಗುತ್ತಿತ್ತು. ಶುಕ್ರವಾರ ಆಸ್ಥಾನಿಕರೆಲ್ಲ ಸೇರಿ ಪ್ರಭುಗಳಿಗೆ ‘ಸ್ಥಿರನಾಮ ಚಕ್ರವರ್ತಿ’ ಎಂಬ ಬಿರುದು ಕೊಟ್ಟರು. ಬಿರುದಿಗೊಂದು ಸ್ಮಾರಕ ಬೇಡವೇ? ಪ್ರಭುಗಳ ಪಂಚಗುಣಗಳ ನೆನಪಿಗೆ ಅರಮನೆಯ ಬಲಕ್ಕೇ ಐದು ಹೊಸ ಬುರುಜು ಕಟ್ಟುವುದೆಂದು ತೀರ್ಮಾನವಾಯಿತು. ಬಿದಿರು, ಚಾಪೆ, ಸುಣ್ಣಗಳಿಂದ ಭಾನುವಾರ ಸಂಜೆಗೆ ಕಾಮಗಾರಿ ಪೂರ್ಣಗೊಂಡು ಲೋಕಾರ್ಪಣೆಯಾಯಿತು. ಬುರುಜು ಎಣಿಸುವ ಅಧಿಕಾರಿ ಕರ್ತವ್ಯನಿಷ್ಠ. ಸೋಮವಾರ ಮುಂಜಾನೆ ಮತ್ತೆ ಅರಮನೆಯಿಂದ ಎಣಿಸುತ್ತ ಬಂದು ನಾಲ್ಕೂ ಫಲಕ ಬದಲಾಯಿಸಿದ.

ಲಕ್ಕಪ್ಪ ಬೆಳಗಿನಿಂದ ಬಾಗಿಲಲ್ಲೇ ಕಾದ. ಹೊತ್ತು ನೆತ್ತಿಗೆ ಬಂದರೂ ಗಾಡಿ ಬರಲಿಲ್ಲ.

“ಲಕ್ಕಣ್ಣಾ, ಬೋರ್ಡು ನೋಡ್ಲಿಲ್ವಾ? ನಂದು ಈಗ ಹದಿಮೂರಂತೆ ಕಣಪ್ಪ,” ಎಂದ ಕಾವಲುಗಾರ ಭರಮ.

“ಲೇ ಭರಮಾ, ನೀ ಇಲ್ಲೇ ನಿಂತಿದ್ದೀಯಲ್ಲೋ!”

“ನಾನ್ ನಿಂತೇ ಇವ್ನಿ. ಬುರುಜುಗಳು ಓಡ್ಬಂದವೆ.”

ಪಕ್ಕದ ಮನೆಯ ನಿಂಗವ್ವ ಸೆರಗು ಬಿಗಿದು, ಚಕ್ರ ತಿರುಗಿಸಿ ಗಡಿಗೆ ಮಾಡುತ್ತಿದ್ದ ಕೇರಿಗೆಲ್ಲ ಕೂಗು ಹಾಕಿದಳು. “ತಿಗರಿ ನಿಲ್ಸ್ರೋ! ಬಾಗ್ಲಿಗೊಬ್ರಂಗೆ ಓಡ್ರಿ! ಒಂದ್ ಹೆಣ ಹೊತ್ತಿದ್ದು ಸಾಲ್ದಾ?” ಕೇರಿ ನಾಲ್ಕು ದಿಕ್ಕಿಗೆ ಓಡಿತು. ಗಡಿಗೆ ಆನೆಲಾಯದ ಬಾಗಿಲಲ್ಲಿ ಸಿಕ್ಕಿತು. ಅದೀಗ ಎಂಟನೆಯದು. ಅರ್ಧ ಕಷಾಯವನ್ನು ಪಟ್ಟದಾನೆ ಕುಡಿದಿತ್ತು. ಅದಕ್ಕೆ ಜ್ವರವಿರಲಿಲ್ಲ, ಈಗ ಬರುವ ಸಂಭವವೂ ಇರಲಿಲ್ಲ.

ಉಳಿದರ್ಧವನ್ನು ನಿಂಗವ್ವ ಎದೆಗವಚಿಕೊಂಡು ತಂದಳು. ಬುಧವಾರ ತಾಯವ್ವನ ಮೈ ಬೆವರಿ ಜ್ವರ ಇಳಿಯಿತು. ದೇವರು ದೊಡ್ಡವನು.

ಆಮೇಲೆ ಕೇರಿಯವರು ಫಲಕ ಓದುವುದನ್ನೇ ಬಿಟ್ಟರು. ಜ್ವರ ಇನ್ನೂ ಏಳು ಮನೆಗಳಲ್ಲಿತ್ತು. ಸೋಮವಾರ ಬಂತೆಂದರೆ ತಿಗರಿ ನಿಲ್ಲಿಸಿ, ಒಲೆ ಆರಿಸಿ, ಕೇರಿಗೆ ಕೇರಿಯೇ ನಾಲ್ಕು ಬಾಗಿಲಲ್ಲೂ ಗುಂಪಾಗಿ ನಿಲ್ಲುತ್ತಿತ್ತು. ಚಕ್ರವರ್ತಿಗಳು ಉಪ್ಪರಿಗೆಯಿಂದ ಇದನ್ನು ಕಂಡರು.

“ಇದೇನು ಜನಸ್ತೋಮ?”

“ತಾವಿಟ್ಟ ಹೆಸರುಗಳನ್ನು ಕಣ್ತುಂಬಿಕೊಳ್ಳಲು ಬಂದಿದ್ದಾರೆ ಪ್ರಭು,” ಎಂದರು ಸೂಕ್ಷ್ಮಮತಿಗಳು.

ಪ್ರಭುಗಳ ಕಣ್ಣು ಒದ್ದೆಯಾಯಿತು. ಸೋಮವಾರವನ್ನು ಸ್ಥಿರನಾಮೋತ್ಸವವೆಂದು ಸಾರಿದರು. ಹಾಜರಿ ಕಡ್ಡಾಯ, ಗಂಟೆಗೊಮ್ಮೆ ಚಪ್ಪಾಳೆ. ಜನರ ಉತ್ಸಾಹಕ್ಕೆ ಮೆಚ್ಚಿ ಪ್ರತಿ ಉತ್ಸವಕ್ಕೂ ಐದೈದು ಹೊಸ ಬುರುಜುಗಳನ್ನು ಮಂಜೂರು ಮಾಡಿದರು.

ಮೊದಲ ಉತ್ಸವದಂದು ಲಕ್ಕಪ್ಪನೂ ಹಾಜರಿದ್ದ. ಚಪ್ಪಾಳೆಯ ಗಂಟೆ ಹೊಡೆಯಿತು. ಅವನು ಎತ್ತಿದ ಕೈಗಳನ್ನು ಹಾಗೇ ಜೋಡಿಸಿ ಕಣ್ಣು ಮುಚ್ಚಿದ.

“ಸ್ವಾಮೀ, ನಮ್ ಚಂದ್ರವ್ವ ನಿನ್ ತಾವ್ಕೆ ಬಂದವ್ಳೆ. ಅವ್ಳಿಗೆ ಓದಕ್ಕೆ ಬರಾಕಿಲ್ಲ. ನಿನ್ ಬಾಗ್ಲು ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ ಇರ್ಲಿ. ಒಳೀಕ್ ಕರ್ಕೋ ತಂದೆ. ಅವ್ಳ ಜೀವ ತಣ್ಣಗಿರ್ಲಿ.”