ನನ್ನ ಮೂಗು ಮತ್ತು ಭಟ್ಟರ ಸ್ಟಿಯರಿಂಗ್

ಸ್ಟಿಯರಿಂಗ್, ಬ್ರೇಕ್ ಕೆಲಸ ಮಾಡುವವನ ಹತ್ತಿರ ಗಾಡಿಗಳು ಬರೀ ರೋಗ ತರುವುದಿಲ್ಲ, ಜೊತೆಗೆ ತಮಾಷೆಯನ್ನೂ ತರುತ್ತವೆ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ರಸ್ತೆ ಬದಿಯಲ್ಲಿ ನನ್ನ ವರ್ಕ್‌ಶಾಪ್ ಇದೆ. ಇಷ್ಟು ವರ್ಷದಲ್ಲಿ ನಗು ಬಾರದ ವಾರ ನನಗೆ ನೆನಪಿಲ್ಲ.

ನನಗೆ ಎರಡು ಹೆಮ್ಮೆ. ಒಂದು, ನನ್ನ ಮೂಗು. ಪವರ್ ಸ್ಟಿಯರಿಂಗಿನ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಒಳಗಿನ ಸಮಾಚಾರ ಹೇಳಿಬಿಡುತ್ತೇನೆ. ಇದನ್ನು ಗಿರಾಕಿಗಳಿಗೆ ನಾನೇ ಹೇಳುತ್ತೇನೆ, ಇಲ್ಲದಿದ್ದರೆ ಪಾಪ ಅವರಿಗೆ ಗೊತ್ತಾಗುವುದು ಹೇಗೆ? ಇನ್ನೊಂದು, ನನ್ನಲ್ಲಿ ಸರಿಯಾಗಿ ಹೋದ ಗಾಡಿ ಅದೇ ತೊಂದರೆಗೆ ತಿರುಗಿ ಬರುವುದಿಲ್ಲ. ನನ್ನ ಅಂಗಡಿ ನಿಂತಿರುವುದೇ ಈ ಮಾತಿನ ಮೇಲೆ.

ದನ ಕರೆಯುವ ಕಾರು

ಕೊಯಿಲದ ಕಡೆಯ ಒಬ್ಬರು ಅಮ್ಮ ಕಾರು ತಂದರು. ಸ್ವತಃ ಓಡಿಸುವವರು, ಮನೆಯಲ್ಲಿ ಹಟ್ಟಿ ತುಂಬ ದನ. ಕಾರು ನನ್ನ ಅಂಗಳಕ್ಕೆ ತಿರುಗುವಾಗಲೇ "ಊಂ..." ಎಂದು ಅಳುತ್ತಿತ್ತು. ನಾನು ಚಾ ಲೋಟ ಕೆಳಗಿಡದೆಯೇ, "ಫ್ಲೂಯಿಡ್ ಕಮ್ಮಿ ಉಂಟು, ಎಲ್ಲೋ ಪೈಪ್ ಲೀಕ್" ಎಂದೆ. ನೋಡಿದರೆ ಹಾಗೆಯೇ ಇತ್ತು. ಪೈಪ್ ಬದಲಿಸಿ, ಫ್ಲೂಯಿಡ್ ತುಂಬಿಸಿ, ಗಾಳಿ ಹೋಗುವವರೆಗೆ ಸ್ಟಿಯರಿಂಗನ್ನು ಆಚೆ ಈಚೆ ತಿರುಗಿಸಿ ಕೊಟ್ಟೆ. ಸದ್ದು ಮಾಯ.

ಮರುವಾರ ಅದೇ ಕಾರು ಮತ್ತೆ ಬಾಗಿಲಲ್ಲಿ! ಈ ಸಲ ಚಾ ಲೋಟ ಕೆಳಗಿಟ್ಟೇ ಓಡಿದೆ.

"ಎಂತ ಅಮ್ಮ, ಪುನಃ ಸದ್ದಾ?"

"ಸದ್ದು ಇಲ್ಲ ಅಣ್ಣ, ಅದೇ ತೊಂದರೆ. ಸಂಜೆ ನಾನು ಗೇಟಲ್ಲಿ ಕಾರು ತಿರುಗಿಸುವಾಗ ಆ ಕೂಗು ಕೇಳಿ ಗುಡ್ಡೆಯಿಂದ ದನಗಳೆಲ್ಲ ಹಟ್ಟಿಗೆ ಬರ್ತಿದ್ವು. ಈಗ ಒಂದೂ ಬರುದಿಲ್ಲ. ಬಾಕಿ ಎಲ್ಲ ಹೀಗೇ ಇರ್ಲಿ, ಸದ್ದು ಮಾತ್ರ ವಾಪಸ್ ಹಾಕಿ ಕೊಡ್ತೀರಾ?"

ಭಾವನ ಔಷಧ

ಇಚಿಲಂಪಾಡಿಯ ಕೃಷಿಕರೊಬ್ಬರು ಪಿಕಪ್ ತಂದರು. ಜೊತೆಗೆ ಅವರ ಭಾವ. ಸ್ಟಿಯರಿಂಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ, ಕೆಳಗೆಲ್ಲ ಸೋರುತ್ತಿತ್ತು. ಮುಚ್ಚಳ ತೆಗೆದು ಮೂಸಿದೆ.

"ಸ್ಟಿಯರಿಂಗಿಗೆ ಯಾರೋ ಬ್ರೇಕ್ ಫ್ಲೂಯಿಡ್ ಹಾಕಿದ್ದಾರೆ. ರಬ್ಬರ್ ಉಬ್ಬಿದ್ದು ಅದಕ್ಕೇ."

ಕೃಷಿಕರು ಭಾವನ ಮುಖ ನೋಡಿದರು. ಭಾವ ಎದುರಿನ ತೆಂಗಿನ ಮರ ನೋಡಿದರು. ಕೊನೆಗೆ ಭಾವನಿಗೆ ರೋಷ ಬಂತು.

"ಹಾಕಿದ್ರೆ ಎಂತ ಆಗ್ತದೆ? ನನ್ನ ಕಾರಿಗೂ ಅದನ್ನೇ ಹಾಕಿದ್ದು!"

"ಆ ಕಾರು ಈಗ ಎಲ್ಲುಂಟು?" ಎಂದು ಕೇಳಿದೆ.

ಉತ್ತರ ಕೊಟ್ಟದ್ದು ಕೃಷಿಕರು. "ಅದನ್ನು ಇಲ್ಲಿಗೆ ಎಳ್ಕೊಂಡು ಬರ್ಲಿಕ್ಕೇ ಅಲ್ವಾ ಮಾರಾಯ್ರೆ, ಈ ಪಿಕಪ್ ಬೇಗ ಸರಿ ಆಗ್ಬೇಕಾದ್ದು."

ಬೆಳಿಗ್ಗೆ ಮಾತ್ರ ಬರುವ ರೋಗ

ಇಷ್ಟೆಲ್ಲ ಮೆರೆದ ನನ್ನ ಮೂಗಿಗೆ ಸವಾಲು ಹಾಕಿದ್ದು ಕಲ್ಲುಗುಂಡಿಯ ಅಡಿಗೆ ಭಟ್ಟರ ವ್ಯಾನು. ಮದುವೆ, ಗೃಹಪ್ರವೇಶಗಳಿಗೆ ಪಾತ್ರೆ, ಸಾಂಬಾರು, ಪಾಯಸ ಹೊತ್ತು ಓಡಾಡುವ ಹಳೆಯ ದೊಡ್ಡ ವ್ಯಾನು ಅದು. ಅದರಲ್ಲಿ ಸ್ಟಿಯರಿಂಗಿಗೂ ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೂ ಒಂದೇ ಪಂಪು, ಒಂದೇ ಸ್ಟಿಯರಿಂಗ್ ಫ್ಲೂಯಿಡ್. ಭಟ್ಟರಿಗೂ ನನ್ನಷ್ಟೇ ಹೆಮ್ಮೆ. ಸ್ವಂತ ಗಾಣದ ತೆಂಗಿನೆಣ್ಣೆ ಬಿಟ್ಟು ಬೇರೆ ಎಣ್ಣೆ ಅವರ ಬಾಣಲೆ ಕಂಡದ್ದಿಲ್ಲ.

ಪೈಪ್ ಒಡೆದಿತ್ತು. ಹೊಸದು ಹಾಕಿ, ಕೆಂಪು ಫ್ಲೂಯಿಡ್ ತುಂಬಿಸಿ, ನನ್ನ ಮೂಗಿನ ಮಹಿಮೆಯನ್ನೂ ಹೇಳಿ ಕಳುಹಿಸಿದೆ.

ಡಿಸೆಂಬರ್ ಬಂತು, ಭಟ್ಟರೂ ಬಂದರು. "ಬೆಳಿಗ್ಗೆ ಸ್ಟಿಯರಿಂಗ್ ಕಲ್ಲು ಮಾರಾಯ್ರೆ. ಬ್ರೇಕ್ ಮೇಲೆ ನಿಂತ್ರೂ ಹಿಡಿಯುದಿಲ್ಲ. ಬಿಸಿಲು ಬಂದ ಮೇಲೆ ಎಲ್ಲ ಸರಿ."

ನಾನು ನೋಡಿದಾಗ ಮಧ್ಯಾಹ್ನ. ಸ್ಟಿಯರಿಂಗ್ ಬೆರಳಲ್ಲಿ ತಿರುಗಿತು. ಫ್ಲೂಯಿಡ್ ಬಣ್ಣ ಕೆಂಪೇ. ಮೂಸಿದೆ. ತೆಂಗಿನೆಣ್ಣೆ ಘಮಘಮ. ಅದರಲ್ಲಿ ಏನು ವಿಶೇಷ? ವ್ಯಾನಿಗೆ ವ್ಯಾನೇ ಘಮಘಮ, ಪಕ್ಕದಲ್ಲಿ ನಿಂತ ಭಟ್ಟರ ತಲೆಯೂ ಘಮಘಮ. ಗಾಳಿ ಸೇರಿರಬೇಕು ಎಂದು ಗಾಳಿ ತೆಗೆದು ಕಳುಹಿಸಿದೆ. ನಾನು ಮೂಸುವುದನ್ನೇ ನೋಡುತ್ತಿದ್ದ ಭಟ್ಟರು ಖುಷಿಯಿಂದ ತಲೆಯಾಡಿಸಿ ಹೋದರು.

ಎರಡೇ ದಿನಕ್ಕೆ ಫೋನು. "ಪುನಃ ಅದೇ! ನಾಡಿದ್ದು ಬೆಳಿಗ್ಗೆ ಸುಳ್ಯದಲ್ಲಿ ಮದುವೆ ಉಂಟು."

ಸುಳ್ಯದ ದಾರಿಯ ತಿರುವುಗಳಲ್ಲಿ ಬ್ರೇಕ್ ಹಿಡಿಯದಿದ್ದರೆ ಭಟ್ಟರೂ ಹೋದರು, ಸಾಂಬಾರೂ ಹೋಯಿತು, ನನ್ನ ಹೆಸರೂ ಹೋಯಿತು. "ನಾನು ಬರುವವರೆಗೆ ಗಾಡಿ ಮುಟ್ಟಬೇಡಿ" ಎಂದು ಹೇಳಿ, ಮದುವೆಯ ಹಿಂದಿನ ದಿನ ಫ್ಲೂಯಿಡ್ ಡಬ್ಬಿಗಳನ್ನು ಚೀಲಕ್ಕೆ ತುಂಬಿ ಮೊದಲ ಬಸ್ಸು ಹತ್ತಿದೆ. ರೋಗ ಬೆಳಿಗ್ಗೆ ಬರುವುದಾದರೆ ವೈದ್ಯನೂ ಬೆಳಿಗ್ಗೆಯೇ ಹೋಗಬೇಕಲ್ಲ?

ಕಲ್ಲುಗುಂಡಿಯಲ್ಲಿ ಒಳ್ಳೆಯ ಚಳಿ. ಮಂಜು ಇನ್ನೂ ಕರಗಿರಲಿಲ್ಲ. ಬಾನೆಟ್ ಎತ್ತಿ ಮುಚ್ಚಳ ತೆಗೆದೆ. ಒಳಗೆ ಫ್ಲೂಯಿಡ್ ಇಲ್ಲ, ಗುಲಾಬಿ ಬಣ್ಣದ ಬೆಣ್ಣೆ! ಬೆರಳಲ್ಲಿ ತೆಗೆದರೆ ಮುದ್ದೆ ಮುದ್ದೆಯಾಗಿ ಬಂತು.

"ಭಟ್ರೇ, ಇದಕ್ಕೆ ತೆಂಗಿನೆಣ್ಣೆ ಹಾಕಿದ್ದಾ?"

"ಮತ್ತೆ? ಆ ಕೆಂಪು ಕೆಮಿಕಲ್ಲಿಗೇ ಅಲ್ವಾ ಪೈಪ್ ಒಡೆದದ್ದು? ಅರ್ಧ ತೆಗ್ದು ನಮ್ಮ ಗಾಣದ್ದು ಹಾಕಿದೆ. ಶುದ್ಧ ಉಂಟು!"

"ಚಳಿಗೆ ಎಣ್ಣೆ ಗಟ್ಟಿ ಆಗುದು ಗೊತ್ತಿಲ್ವಾ?"

"ಗೊತ್ತಿಲ್ಲದೆ ಎಂತ! ಗಟ್ಟಿ ಆಗುದೇ ಶುದ್ಧದ ಗುರ್ತ" ಎಂದು ಭಟ್ಟರು ಎದೆಯುಬ್ಬಿಸಿದರು.

ಎಲ್ಲ ಕರಗಿಸಿ, ಹೊರಗೆ ಹರಿಸಿ, ಪೈಪು, ಪಂಪು, ಬೂಸ್ಟರ್ ಪೂರ್ತಿ ತೊಳೆದು ಹೊಸ ಫ್ಲೂಯಿಡ್ ತುಂಬಿಸುವಾಗ ಸಂಜೆಯಾಯಿತು. ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಅದೇ ಚಳಿಯಲ್ಲಿ ವ್ಯಾನು ಹೊರಟಿತು, ಮುಂದಿನ ಸೀಟಿನಲ್ಲಿ ನಾನು. ಭಟ್ಟರು ಒಂದೇ ಕೈಯಲ್ಲಿ ತಿರುವು ತೆಗೆದರು. ಬ್ರೇಕ್ ಮುಟ್ಟಿದರೆ ನಿಂತಿತು. ಮದುವೆ ಮನೆಗೆ ಪಾಯಸದ ಒಂದು ಹನಿಯೂ ಚೆಲ್ಲದೆ ತಲುಪಿತು. ಅಂದು ನನಗಿದ್ದಷ್ಟು ಹೆಮ್ಮೆ ಮದುಮಗನಿಗೂ ಇದ್ದಿರಲಿಕ್ಕಿಲ್ಲ. ಆಮೇಲೆ ಆ ವ್ಯಾನು ಆ ರೋಗಕ್ಕೆ ನನ್ನಲ್ಲಿಗೆ ಬಂದಿಲ್ಲ.

ಊಟದ ಪಂಕ್ತಿಯಲ್ಲಿ ಭಟ್ಟರು ತಾವೇ ನನಗೆ ಪಾಯಸ ಬಡಿಸಿದರು. ಆಗ ಮೆಲ್ಲನೆ ಕೇಳಿದೆ, "ಅಲ್ಲ ಭಟ್ರೇ, ಎಣ್ಣೆ ಹಾಕಿದ್ದನ್ನು ಅವತ್ತೇ ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

ಭಟ್ಟರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಹೇಳುದು ಎಂತಕ್ಕೆ? ಮೂಸಿದ್ರೆ ಎಲ್ಲ ಗೊತ್ತಾಗ್ತದೆ ಅಂತ ನೀವೇ ಅಲ್ವಾ ಹೇಳಿದ್ದು? ನನ್ನೆದುರೇ ಮೂಸಿದ್ರಿ, ಏನೂ ಹೇಳ್ಲಿಲ್ಲ. ನಮ್ಮ ಎಣ್ಣೆ ನಿಮಗೂ ಒಪ್ಪಿಗೆ ಆಯ್ತು ಅಂತ, ಮನೆಗೆ ಹೋಗಿ ಇನ್ನೂ ಸ್ವಲ್ಪ ಹಾಕಿದೆ."