ಹುಳುಗಳಿಗೂ ಫ್ಯಾನ್ ಹಾಕಿದ್ದು

ಈ ಮಾತನ್ನು ಹೇಳಲು ಹೊರಟಾಗಲೆಲ್ಲ "ಮೊದಲು ಒಂದು ಲೋಟ ಕಾಫಿ ಆಗಲಿ" ಎಂದು ಮುಂದೂಡುತ್ತ ಬಂದವನು ನಾನು. ಈಗ ಡಾಕ್ಟರು ಕಾಫಿಯನ್ನೇ ಬಿಡಿಸಿದ್ದಾರೆ. ನೆಪ ಮುಗಿಯಿತು.

ಎಪ್ಪತ್ತರ ದಶಕದಲ್ಲಿ, ಬೆಂಗಳೂರಿಗೆ ಹತ್ತಿರದ ರೇಷ್ಮೆಯೂರು ವಿಜಯಪುರದ ನಮ್ಮ ಬೀದಿಗೆ ಮೊದಲ ಟೇಬಲ್ ಫ್ಯಾನು ತಂದವನು ನಾನೇ! ಬೆಂಗಳೂರಿನಿಂದ ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಕಂಡಕ್ಟರು ಲಗೇಜು ಎಂದಾಗ ಮೈ ಉರಿಯಿತು. ಮನೆಯಲ್ಲಿ ಸ್ವಿಚ್ಚು ಒತ್ತಿದೊಡನೆ ಅದು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿತು ನೋಡಿ, ಅಬ್ಬಬ್ಬಾ! ಅದರ ಜೊತೆ ನಾನೂ ತಿರುಗಿಸಿದೆ. ತಡೆಯಲಾರದೆ ಎದುರು ಮನೆಯವಳನ್ನು ಕೂಗಿ ಕರೆದೆ. ಆಕೆ ಅದರ ಮುಂದೆ ನಿಂತು, "ಅಯ್ ಅಣ್ಣಾ, ಬೀಸೋರಿಲ್ದೆ ಗಾಳಿ ಬತ್ತದಲ್ಲಾ! ಸ್ವರ್ಗ ಕಣಣ್ಣಾ!" ಎಂದಳು.

ಸುಖದ ಅರ್ಥ ನನಗೆ ಹೊಳೆದದ್ದು ಆಗಲೇ. ಅರ್ಧ ಸುಖ ಗಾಳಿಯಲ್ಲಿದೆ, ಉಳಿದರ್ಧ ನೋಡಿದವರ ಬಾಯಲ್ಲಿದೆ. ತೊಂದರೆಯೆಂದರೆ, ಕೆಲವೇ ದಿನಗಳಲ್ಲಿ ಬೀದಿಯವರೆಲ್ಲ ನೋಡಿ ಮುಗಿಸಿದರು. ಹೊಗಳುವವರಿಲ್ಲದ ಫ್ಯಾನು ಬರೀ ಗಾಳಿ ಬಿಡುತ್ತದೆ. ಇನ್ನು ನೋಡದೆ ಉಳಿದವು ಒಳಕೋಣೆಯ ತಟ್ಟೆಗಳಲ್ಲಿದ್ದ ನನ್ನ ಹೆಂಡತಿಯ ರೇಷ್ಮೆ ಹುಳುಗಳು ಮಾತ್ರ. ಆ ಬೆಳೆಯ ಗೂಡು ಮಾರಿದ ದುಡ್ಡಿನಲ್ಲಿ ಅವಳು ಹೊಲಿಗೆ ಯಂತ್ರ ಕೊಳ್ಳುವವಳಿದ್ದಳು. ಅವಳು ಹಿಪ್ಪುನೇರಳೆ ಸೊಪ್ಪಿಗೆಂದು ತೋಟಕ್ಕೆ ಹೋದಾಗಲೆಲ್ಲ ನಾನು ಫ್ಯಾನನ್ನು ಒಳಗೊಯ್ದು, "ತಣ್ಣಗೆ ತಿನ್ರಪ್ಪಾ" ಎಂದು ಹಾಕಿಡುತ್ತಿದ್ದೆ. ಗಾಳಿಗೆ ಸೊಪ್ಪು ಹಪ್ಪಳವಾಯಿತು. ಎಳೆ ಹುಳುಗಳು ಒಣಸೊಪ್ಪು ಮುಟ್ಟುವುದಿಲ್ಲವೆಂದು ಹೈಸ್ಕೂಲಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಬೆಳೆ ಹೋಯಿತು.

ಹುಳುವಿದ್ದ ಮನೆಗೆ ಹೊರಗಿನವರು ಬಂದರೆ ದೃಷ್ಟಿ ತಾಕುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಖಾಲಿ ತಟ್ಟೆಗಳ ಮುಂದೆ ಕುಳಿತ ಹೆಂಡತಿ, "ಫ್ಯಾನ್ ನೋಡಕ್ ಬಂದ ಎದುರ್ಮನೆಯೋಳು ಒಳಕ್ ಇಣುಕಿದ್ಲು ಕಣ್ರೀ. ಅವಳ ಕಣ್ಣೇ ಅಲ್ವಾ?" ಎಂದಳು. ನನ್ನ ಪಕ್ಕದಲ್ಲಿ ಫ್ಯಾನು ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಿತ್ತು. ನಾನು ಹೌದೆಂದು ಆಡಿಸಿದೆ.

ಮಾತು ಬೀದಿಗೆ ಹೋಯಿತು. ಆಕೆ ನಮ್ಮ ಹೊಸಿಲಾಚೆ ನಿಂತು, "ನೀನೇ ಕೂಗಿ ಕರೆದ್ಯಲ್ಲಣ್ಣಾ" ಎಂದಷ್ಟೇ ಹೇಳಿ ಹೋದಳು. ಮತ್ತೆ ಬರಲಿಲ್ಲ.

ಹೆಂಡತಿಗೆ ಮುಂದೆಂದೋ ಹೊಲಿಗೆ ಯಂತ್ರ ಬಂತು. ಈಗ ನಮ್ಮಲ್ಲಿ ಕೋಣೆಗೊಂದು ಫ್ಯಾನು. ಬಂದವರು ತಲೆಯೆತ್ತಿಯೂ ನೋಡುವುದಿಲ್ಲ. ನಾನೇ ಕೆಳಗೆ ಮಲಗಿ ನೋಡುತ್ತೇನೆ. ನನ್ನ ವಸ್ತುವನ್ನು ಕಂಡು ಹೊಟ್ಟೆಕಿಚ್ಚಿಲ್ಲದೆ ಸ್ವರ್ಗವೆಂದವಳು ಜನ್ಮದಲ್ಲಿ ಒಬ್ಬಳೇ, ಎದುರು ಮನೆಯ ಪಿಳ್ಳಮ್ಮ.