ಸುಕ್ಕು ನಿವಾರಣಾ ಆದೇಶ

ರಸ್ತೆ ಇಲಾಖೆಯ ಸುಪರ್ದಿಯಲ್ಲಿರುವ ಯಾವುದೇ ಮೇಲ್ಮೈಯಲ್ಲಿ ಬಿರುಕು ಕಂಡುಬರತಕ್ಕದ್ದಲ್ಲ ಎಂಬುದು ನಿಯಮ. ರಸ್ತೆಗಳು ಈ ನಿಯಮಕ್ಕೆ ಕ್ಯಾರೇ ಅನ್ನುತ್ತಿರಲಿಲ್ಲವಾದ್ದರಿಂದ, ಮಾತು ಕೇಳುವಂಥವರ ಮೇಲೆ ಅದನ್ನು ಜಾರಿಗೊಳಿಸುವುದು ಅನಿವಾರ್ಯವಾಯಿತು.

ರಸ್ತೆ ದಾಟುವುದನ್ನು ಸಾರ್ವಜನಿಕರಿಗೆ ಕಲಿಸಲು ಇಲಾಖೆ ಪಾಶ್ಚಾತ್ಯ ಶೈಲಿಯ ತ್ರೀಡಿ ಅನಿಮೇಷನ್ ಚಿತ್ರವೊಂದನ್ನು ಮಾಡಿಸಲು ಹೊರಟಿತ್ತು. ಪಾತ್ರಗಳ ರೂಪ ನಿರ್ಧರಿಸುವ ಕೆಲಸ ಸಿಕ್ಕಿದ ಕಲಾವಿದೆ ಒಬ್ಬ ಅಜ್ಜಿಯನ್ನೇ ನಾಯಕಿ ಮಾಡಿದಳು. ಮಾದರಿಯಾಗಿ ಕೂತವರು ಅವಳ ಅತ್ತೆ. ಮೂರು ದಿನ ಕಿಟಕಿಯ ಬೆಳಕಿನಲ್ಲಿ ಅಲ್ಲಾಡದೆ ಕೂತು, "ಒಂದು ಗೆರೆ ಬಿಟ್ಟೀಯ, ಜೋಕೆ! ಇಷ್ಟು ಸಂಪಾದಿಸೋಕೆ ಎಪ್ಪತ್ತೆರಡು ವರ್ಷ ಹಿಡಿದಿದೆ" ಎಂದಿದ್ದರು. ತಾವೇ ನಾಯಕಿಯೆಂದು ಬೀದಿಗೆಲ್ಲ ಡಂಗುರ ಸಾರಿಯೂ ಆಗಿತ್ತು. ಆ ಮುಖ ತೆರೆಗೆ ಬರದಿದ್ದರೆ ತನಗೆ ಮನೆಯಲ್ಲಿ ಉಳಿಗಾಲವಿಲ್ಲವೆಂದು ಸೊಸೆಗೆ ಚೆನ್ನಾಗಿ ಗೊತ್ತಿತ್ತು.

ಶೈಲಿ ನಿರ್ಣಯ ಸಮಿತಿಯಲ್ಲಿ ಐವರು ಇಂಜಿನಿಯರುಗಳಿದ್ದರು. ಕಣ್ಣಿನ ವಿಚಾರ ಬೇಗ ಇತ್ಯರ್ಥವಾಯಿತು: 'ಕಣ್ಣುಗಳು ಮುಖದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರತಕ್ಕದ್ದಲ್ಲ. ಪಾಶ್ಚಾತ್ಯ ಚಿತ್ರಗಳಲ್ಲಿ ಹಾಗೆಯೇ ಇರುವುದನ್ನು ಅಧ್ಯಕ್ಷರ ಮೊಮ್ಮಗಳು ದೃಢೀಕರಿಸಿರುತ್ತಾಳೆ.' ಆಮೇಲೆ ಅಧ್ಯಕ್ಷರು ಪರದೆಯ ಬಳಿಗೆ ಹೋಗಿ ಅಜ್ಜಿಯ ಕೆನ್ನೆಗೆ ಅಡಿಪಟ್ಟಿ ಹಿಡಿದರು.

"ಏನಮ್ಮ ಇದು, ಬಿರುಕು?"

"ಸುಕ್ಕು ಸಾರ್. ವಯಸ್ಸಾಗಿದೆಯಲ್ಲ."

"ವಯಸ್ಸಾದ್ರೆ ಬಿರುಕು ಬಿಡುತ್ತೆ ಅಂತ ನಾವೇ ತೋರಿಸಿದ್ರೆ, ಮೂರು ತಿಂಗಳ ರಸ್ತೆಗೆ ಯಾಕೆ ಬಂತು ಅಂತ ಜನ ಕೇಳಲ್ವಾ? ಮುಚ್ಚಿಸಿ."

"ತ್ರೀಡಿ ಅಂದಮೇಲೆ ಉಬ್ಬು ತಗ್ಗು ಇರಲೇಬೇಕು ಸಾರ್."

"ಉಬ್ಬು ಇರಲಿ. ತಗ್ಗು ಬೇಡ."

ಮುಚ್ಚಿಸಲಾಯಿತು. ಚಿತ್ರಕ್ಕೆ ಮೊಹರು ಬಿತ್ತು. ಅಗಲ ಕಣ್ಣಿನ, ನುಣ್ಣನೆ ಕೆನ್ನೆಯ ಅಜ್ಜಿಗೆ ಈಗ ಹೆಚ್ಚೆಂದರೆ ಹದಿನಾರು. ಆಗ ಗುಮಾಸ್ತರು ಒಂದು ತೊಡಕು ಎತ್ತಿದರು. ಚಿತ್ರವೂ ಮಾದರಿಯೂ ಹೋಲಬೇಕೆಂದು ಒಪ್ಪಂದದಲ್ಲಿದೆ. ಮೊಹರು ಬಿದ್ದ ಚಿತ್ರವನ್ನು ತಿದ್ದುವಂತಿಲ್ಲ. ಮಾದರಿಗೆ ಮಾತ್ರ ಇನ್ನೂ ಮೊಹರು ಬಿದ್ದಿಲ್ಲ. ಸಂಜೆಯೊಳಗೆ ಆದೇಶ ಹೊರಟಿತು:

'ಸದರಿ ಮಾದರಿಯ ವಯಸ್ಸನ್ನು ಎಪ್ಪತ್ತೆರಡರಿಂದ ಹದಿನಾರಕ್ಕೆ ಪರಿಷ್ಕರಿಸಲಾಗಿದೆ. ಅಪ್ರಾಪ್ತ ವಯಸ್ಕರಾದ ಕಾರಣ ಸದರಿಯವರು ಒಬ್ಬರೇ ರಸ್ತೆ ದಾಟತಕ್ಕದ್ದಲ್ಲ. ಮನೆಯ ಹಿರಿಯರಾದ ಸೊಸೆಯನ್ನು ಪೋಷಕರನ್ನಾಗಿ ನೇಮಿಸಲಾಗಿದೆ.'

ಕಲಾವಿದೆ ಆದೇಶ ಹಿಡಿದು ಹೆದರಿ ಹೆದರಿ ಮನೆಗೆ ಬಂದಳು.

"ಗೆರೆ ಒಂದೂ ಉಳೀಲಿಲ್ಲ ಅತ್ತೆ. ನನ್ನ ಕೈಲಿ ಆಗಲಿಲ್ಲ."

ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿದರು. ಮೊಹರನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಕಾಲೆರಡನ್ನೂ ಸೋಫಾದ ಮೇಲೆ ಚಾಚಿದರು.

"ಸರಿ ಬಿಡು. ಚಿಕ್ಕವರನ್ನ ಕೆಲಸಕ್ಕೆ ಹಚ್ಚೋದು ಅಪರಾಧ. ಇನ್ಮೇಲೆ ಅಡುಗೆಮನೆ ನಿಂದು."

ಸೊಸೆಗೆ ಹೋದ ಜೀವ ಬಂದಂತಾಯಿತು. ನಗುತ್ತಲೇ ಒಲೆ ಹಚ್ಚಿದಳು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಮಗ ಆದೇಶ ಓದಿ ಹಣೆ ಚಚ್ಚಿಕೊಂಡ.

"ಏನಮ್ಮ ಇದು ಹುಚ್ಚಾಟ? ನನಗೇ ನಲವತ್ತನಾಲ್ಕು!"

"ನೀನಿನ್ನೂ ಹುಟ್ಟೇ ಇಲ್ಲ ಕಣೋ. ಸುಮ್ನಿರು."

ಹುಟ್ಟದೇ ಇರುವವರು ಆಕ್ಷೇಪಣೆ ಸಲ್ಲಿಸಲು ಯಾವ ನಿಯಮದಲ್ಲೂ ಅವಕಾಶವಿಲ್ಲ. ಅವನು ಕೈಕಾಲು ತೊಳೆದುಕೊಂಡು ಬಂದು ಮೂವರಿಗೂ ತಟ್ಟೆ ಹಾಕಿದ.